'ಗಿವ್ ಅಪ್' – ಅರ್ಥ ಮತ್ತು ಪ್ರಯೋಗ: ಕನ್ನಡದ ಮೂಲಕ ಒಂದು ಪರಿಶೀಲನೆ

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ದೊಡ್ಡ ಶಬ್ದಗಳಿಗಿಂತ ಚಿಕ್ಕ ಶಬ್ದಗಳೇ ಹೆಚ್ಚಿನ ತೊಡಕನ್ನುಂಟುಮಾಡುತ್ತವೆ. 'ರೆಸ್ಪಾನ್ಸಿಬಿಲಿಟಿ' ಎಂಬ ಉದ್ದನೆಯ ಪದ ಎದುರಾದರೆ ವಿದ್ಯಾರ್ಥಿಯು ನಿಘಂಟನ್ನು ತೆರೆದು 'ಹೊಣೆಗಾರಿಕೆ' ಎಂದು ಬರೆದುಕೊಳ್ಳುತ್ತಾನೆ. ಕೆಲಸ ಅಲ್ಲಿಗೆ ಮುಗಿಯುತ್ತದೆ. ಆದರೆ 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ ಎಂಬುದನ್ನು ಮೊದಲ ವರ್ಷದಲ್ಲೇ ಕಲಿತವನು, ಅವೆರಡೂ ಜೊತೆಯಾಗಿ 'ಗಿವ್ ಅಪ್' ಎಂದು ಬಂದಾಗ ಕಕ್ಕಾಬಿಕ್ಕಿಯಾಗುತ್ತಾನೆ. 'ಮೇಲಕ್ಕೆ ಕೊಡು' ಎಂಬ ಅರ್ಥ ಅಲ್ಲಿ ಎಲ್ಲಿಯೂ ಹೊಂದುವುದಿಲ್ಲ.

ಈ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಅನೇಕ ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಪ್ರತಿ ವರ್ಷವೂ ಶಾಲೆ ಆರಂಭವಾಗುವ ಕಾಲಕ್ಕೆ ಹೆತ್ತವರು ಬಂದು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಾಷ್ಟ್ರೇ, ಕನ್ನಡದಲ್ಲಿಯೇ ಓದಿದರೆ ಮಕ್ಕಳಿಗೆ ಇಂಗ್ಲಿಷ್ ಬಂದೀತೇ?" ಈ ಪ್ರಶ್ನೆಗೆ ಭಾಷಣದ ಮೂಲಕ ಉತ್ತರ ಕೊಡುವುದು ಸುಲಭ. ಅದಕ್ಕಿಂತ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದವನ್ನು ತೆಗೆದುಕೊಂಡು, ಕನ್ನಡ ಬಲ್ಲ ಮಗುವು ಅದನ್ನು ಹೇಗೆ ಅರಿಯಬಹುದು ಎಂದು ತೋರಿಸುವುದು ಹೆಚ್ಚು ಪ್ರಯೋಜನಕರವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

1. ಫ್ರೇಸಲ್ ವರ್ಬ್ ಎಂದರೇನು?

ಒಂದು ಸಾಮಾನ್ಯ ಕ್ರಿಯಾಪದಕ್ಕೆ 'ಅಪ್', 'ಇನ್', 'ಔಟ್', 'ಆಫ್', 'ಅವೇ' ಮುಂತಾದ ಚಿಕ್ಕ ಅವ್ಯಯವೊಂದು ಸೇರಿ, ಎರಡರ ಬಿಡಿ ಅರ್ಥಗಳಿಂದ ಊಹಿಸಲಾಗದ ಹೊಸ ಅರ್ಥವನ್ನು ಕೊಟ್ಟರೆ ಅದನ್ನು ಇಂಗ್ಲಿಷಿನಲ್ಲಿ 'ಫ್ರೇಸಲ್ ವರ್ಬ್' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು 'ನುಡಿಗಟ್ಟಿನ ಕ್ರಿಯಾಪದ' ಎಂದು ಕರೆಯಬಹುದು. ಈ ಹೆಸರು ಅಷ್ಟೇನೂ ಹಳೆಯದಲ್ಲ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸರು 1925ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಬಳಸಿದರು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿಯವರು ಆ ಹೆಸರನ್ನು ಸೂಚಿಸಿದ್ದರು.

ಹೆಸರು ಹೊಸದಾದರೂ ತೊಡಕು ಹಳೆಯದು. ಡಾ. ಸ್ಯಾಮ್ಯುಯೆಲ್ ಜಾನ್ಸನ್ ಅವರು 1755ರಲ್ಲಿ ತಮ್ಮ ಸುಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗ, ಕ್ರಿಯಾಪದದ ಹಿಂದೆ ಚಿಕ್ಕ ಅವ್ಯಯ ಸೇರಿ ಅರ್ಥವೇ ಬದಲಾಗುವ ಈ ಪದ್ಧತಿಯು ಪರಭಾಷಿಕರಿಗೆ ಅತ್ಯಂತ ಕಷ್ಟಕರವಾದುದೆಂದು ಅದರ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರು. ಅಂದ ಮೇಲೆ ನಮ್ಮ ಎಂಟನೆಯ ತರಗತಿಯ ಮಗುವು ಇದರ ಮುಂದೆ ತಡವರಿಸಿದರೆ ಅದು ದಡ್ಡತನವಲ್ಲ. ಈ ಮಾತನ್ನು ಮನೆಯ ಹಿರಿಯರು ಮೊತ್ತಮೊದಲು ಗಮನಿಸಬೇಕು.

2. ನಮ್ಮ ನುಡಿಯಲ್ಲಿ ಇಂಥದು ಇಲ್ಲವೇ?

ಇದೆ, ಹೇರಳವಾಗಿದೆ. 'ಕೈ' ಎಂಬ ಒಂದೇ ನಾಮಪದವನ್ನು ತೆಗೆದುಕೊಳ್ಳೋಣ. ಕೈಹಿಡಿ ಎಂದರೆ ಮದುವೆಯಾಗು, ಆಸರೆ ನೀಡು. ಕೈಹಾಕು ಎಂದರೆ ಕೆಲಸಕ್ಕೆ ತೊಡಗು. ಕೈಗೂಡು ಎಂದರೆ ಸಿದ್ಧಿಸು. ಕೈಮಾಡು ಎಂದರೆ ಹೊಡೆ. ಕೈಬಿಡು ಎಂದರೆ ತೊರೆ. ಕೈಚೆಲ್ಲು ಎಂದರೆ ಇನ್ನು ತನ್ನಿಂದಾಗದೆಂದು ನಿರಾಶೆಯಿಂದ ಸುಮ್ಮನಾಗು. ಕೈಕೊಡು ಎಂದರೆ ನಂಬಿದವರನ್ನು ಸಮಯಕ್ಕೆ ಸರಿಯಾಗಿ ನಿರಾಶೆಗೊಳಿಸು. "ಈ ವರ್ಷ ಮಳೆ ಕೈಕೊಟ್ಟಿತು" ಎಂದು ಅಜ್ಜ ಹೇಳಿದಾಗ, ಮಳೆಗೆ ಕೈ ಎಲ್ಲಿದೆ ಎಂದು ನಮ್ಮ ಯಾವ ಮಗುವೂ ಕೇಳುವುದಿಲ್ಲ. ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಇಡೀ ಮಾತಿನ ಅರ್ಥ ದೊರೆಯಲಾರದು ಎಂಬ ತತ್ತ್ವವನ್ನು ಅದು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮನೆಯ ಜಗಲಿಯಲ್ಲಿ ಕಲಿತಿರುತ್ತದೆ.

ಇನ್ನೊಂದು ಸಾಮ್ಯ ಇದಕ್ಕಿಂತಲೂ ಹತ್ತಿರದ್ದು. ಇಂಗ್ಲಿಷಿನ 'ಅಪ್' ಎಂಬುದು ಅನೇಕ ಕ್ರಿಯಾಪದಗಳೊಡನೆ ಸೇರಿದಾಗ 'ಮೇಲೆ' ಎಂಬ ಅರ್ಥವನ್ನು ಕಳೆದುಕೊಂಡು 'ಪೂರ್ತಿಯಾಗಿ' ಎಂಬ ಅರ್ಥವನ್ನು ಪಡೆಯುತ್ತದೆ. 'ಈಟ್ ಅಪ್', 'ಡ್ರಿಂಕ್ ಅಪ್', 'ಬರ್ನ್ ಅಪ್' ಇವುಗಳನ್ನು ಕನ್ನಡದಲ್ಲಿ ಹೇಳಿ ನೋಡಿ: ತಿಂದುಬಿಡು, ಕುಡಿದುಬಿಡು, ಸುಟ್ಟುಬಿಡು. ಇಂಗ್ಲಿಷಿನಲ್ಲಿ 'ಅಪ್' ಮಾಡುವ ಕೆಲಸವನ್ನು ಕನ್ನಡದಲ್ಲಿ 'ಬಿಡು' ಎಂಬ ಸಹಾಯಕ ಕ್ರಿಯಾಪದ ಮಾಡುತ್ತದೆ. ತಿಂದುಬಿಡು ಎನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ. ಕ್ರಿಯೆ ಮುಗಿಯಿತು ಎಂಬುದಷ್ಟೇ ಅದರ ತಾತ್ಪರ್ಯ. ಈ ದೃಷ್ಟಿಯಿಂದ 'ಗಿವ್ ಅಪ್' ಎಂದರೆ 'ಪೂರ್ತಿಯಾಗಿ ಕೊಟ್ಟುಬಿಡು', ಅರ್ಥಾತ್ ತನ್ನ ಹಿಡಿತದಲ್ಲಿ ಏನನ್ನೂ ಉಳಿಸಿಕೊಳ್ಳದಿರು. ಈ ಮೂಲಾರ್ಥವನ್ನು ನೆನಪಿನಲ್ಲಿಟ್ಟರೆ ಉಳಿದ ಅರ್ಥಗಳೆಲ್ಲ ಅದರಿಂದಲೇ ಕವಲೊಡೆದಿರುವುದು ಕಾಣುತ್ತದೆ.

3. 'ಗಿವ್ ಅಪ್' ಪದದ ಐದು ಅರ್ಥಗಳು

(ಅ) ರೂಢಿಯನ್ನು ಬಿಡು. 'ಮೈ ಅಂಕಲ್ ಗೇವ್ ಅಪ್ ಸ್ಮೋಕಿಂಗ್' ಎಂದರೆ 'ನನ್ನ ಮಾವ ಬೀಡಿ ಸೇದುವುದನ್ನು ಬಿಟ್ಟರು'. ಬಹುಕಾಲದಿಂದ ಮಾಡುತ್ತಿದ್ದುದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಇಲ್ಲಿನ ಭಾವ. ನಮ್ಮ ನೆಲದ್ದೇ ಆದ ಒಂದು ನಿದರ್ಶನವಿದೆ. ಮಂಜೇಶ್ವರದ ಗೋವಿಂದ ಪೈಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಕಾವ್ಯದ ನಿಯಮವೇ ಆಗಿದ್ದ ಆದಿಪ್ರಾಸವನ್ನು ಬಿಟ್ಟು ಕವಿತೆ ಬರೆದರು. 'ಗೋವಿಂದ ಪೈ ಗೇವ್ ಅಪ್ ಪ್ರಾಸ' ಎಂದು ಇದನ್ನು ಇಂಗ್ಲಿಷಿನಲ್ಲಿ ಹೇಳಬಹುದು. ಪ್ರಾಸ ಹೊಂದಿಸಲು ಬಾರದೆ ಅವರು ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು. ಈ ಅರ್ಥದಲ್ಲಿ 'ಗಿವ್ ಅಪ್' ಸೋಲಿನ ಮಾತಲ್ಲ.

(ಆ) ಪ್ರಯತ್ನವನ್ನು ನಿಲ್ಲಿಸು, ಕೈಚೆಲ್ಲು. ಇದು ಸೋಲಿನ ಅರ್ಥ. ಒಗಟು ಹೇಳುವ ಆಟದಲ್ಲಿ ಉತ್ತರ ಹೊಳೆಯದೆ ಹೋದಾಗ ನಮ್ಮ ಮಕ್ಕಳು "ಸೋತೆ, ನೀನೇ ಹೇಳು" ಎನ್ನುತ್ತಾರಲ್ಲವೇ? ಇಂಗ್ಲಿಷ್ ಮಕ್ಕಳು ಅದೇ ಸಂದರ್ಭದಲ್ಲಿ 'ಐ ಗಿವ್ ಅಪ್' ಎನ್ನುತ್ತಾರೆ. 'ಡೋಂಟ್ ಗಿವ್ ಅಪ್' ಎಂದರೆ ಧೈರ್ಯಗೆಡಬೇಡ, ಛಲ ಬಿಡಬೇಡ.

(ಇ) ಇನ್ನೊಬ್ಬರಿಗಾಗಿ ಬಿಟ್ಟುಕೊಡು. ತನ್ನದಾಗಿದ್ದುದನ್ನು ಇನ್ನೊಬ್ಬರಿಗೋ ಒಂದು ಉದ್ದೇಶಕ್ಕೋ ಒಪ್ಪಿಸುವುದು. ಇಂಗ್ಲೆಂಡಿನ ದೊರೆ ಎಂಟನೆಯ ಎಡ್ವರ್ಡ್ 1936ರಲ್ಲಿ ತಾನು ಮೆಚ್ಚಿದ ಹೆಣ್ಣನ್ನು ವರಿಸುವ ಸಲುವಾಗಿ ಸಿಂಹಾಸನವನ್ನು ತೊರೆದ. 'ಹೀ ಗೇವ್ ಅಪ್ ದ ಥ್ರೋನ್' ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ಬಾಹುಬಲಿಯು ಅಣ್ಣನನ್ನು ಗೆದ್ದ ಮೇಲೆಯೂ ರಾಜ್ಯವನ್ನು ಅವನಿಗೇ ಬಿಟ್ಟುಕೊಟ್ಟ. ಗೆದ್ದವನೂ 'ಗಿವ್ ಅಪ್' ಮಾಡಬಲ್ಲ ಎಂಬುದಕ್ಕೆ ಕನ್ನಡದ ಮಗುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. 2015ರಲ್ಲಿ ಭಾರತ ಸರಕಾರವು ಉಳ್ಳವರು ಅಡುಗೆ ಅನಿಲದ ಸಬ್ಸಿಡಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಡಬೇಕೆಂದು ಕರೆ ನೀಡಿದಾಗ ಆ ಆಂದೋಲನಕ್ಕೆ 'ಗಿವ್ ಇಟ್ ಅಪ್' ಎಂದೇ ಹೆಸರಿಟ್ಟಿತ್ತು.

(ಈ) ತನ್ನನ್ನು ಒಪ್ಪಿಸಿಕೊ, ಶರಣಾಗು. ಇಲ್ಲಿ 'ಹಿಮ್‌ಸೆಲ್ಫ್', 'ಹರ್‌ಸೆಲ್ಫ್' ಮುಂತಾದ ಆತ್ಮಾರ್ಥಕ ಸರ್ವನಾಮ ಮಧ್ಯದಲ್ಲಿ ಬರಲೇಬೇಕು. 'ದ ಥೀಫ್ ಗೇವ್ ಹಿಮ್‌ಸೆಲ್ಫ್ ಅಪ್ ಟು ದ ಪೊಲೀಸ್' ಎಂದರೆ 'ಕಳ್ಳನು ಪೊಲೀಸರಿಗೆ ಶರಣಾದನು'. ಕನ್ನಡದ 'ಒಪ್ಪಿಸಿಕೊ' ಎಂಬುದರ ಕೊನೆಯಲ್ಲಿರುವ 'ಕೊ' ಇದೇ ಆತ್ಮಾರ್ಥವನ್ನು ಸೂಚಿಸುತ್ತದೆ.

(ಉ) ಆಸೆಯನ್ನು ಬಿಡು, ಕೈಬಿಡು. 'ದ ಡಾಕ್ಟರ್ಸ್ ಹ್ಯಾಡ್ ಗಿವನ್ ಹಿಮ್ ಅಪ್' ಎಂದರೆ 'ವೈದ್ಯರು ಅವನ ಆಸೆಯನ್ನೇ ಬಿಟ್ಟಿದ್ದರು'. ವ್ಯಕ್ತಿಯೊಬ್ಬರ ಮೇಲಿನ ಭರವಸೆಯನ್ನು ತೊರೆಯುವುದಕ್ಕೆ 'ಗಿವ್ ಅಪ್ ಆನ್' ಎಂದು 'ಆನ್' ಸೇರಿಸಿ ಹೇಳುವ ಕ್ರಮವೂ ಇದೆ. ಇದರ ಸಮೀಪದಲ್ಲೇ ನಿಲ್ಲುವ ಹಳೆಯ ನುಡಿಗಟ್ಟು 'ಗಿವ್ ಅಪ್ ದ ಘೋಸ್ಟ್'. 1611ರ ಇಂಗ್ಲಿಷ್ ಬೈಬಲಿನಲ್ಲಿ ಇದು 'ಪ್ರಾಣ ಬಿಡು' ಎಂಬ ಗಂಭೀರಾರ್ಥದಲ್ಲಿ ಬಂದಿದೆ. ಇಂದು ಇದನ್ನು ಬಹುಮಟ್ಟಿಗೆ ಹಾಸ್ಯಕ್ಕಾಗಿ ಬಳಸುತ್ತಾರೆ. ತೋಟದ ಹಳೆಯ ಪಂಪು ಕೆಟ್ಟು ನಿಂತಾಗ "ಅದು ಪ್ರಾಣ ಬಿಟ್ಟಿತು" ಎಂದು ನಾವು ನಗುವುದಿಲ್ಲವೇ? ಹಾಗೆಯೇ ಇದು.

ಬಿಡು, ಕೈಚೆಲ್ಲು, ಬಿಟ್ಟುಕೊಡು, ಶರಣಾಗು, ಕೈಬಿಡು. ಇಂಗ್ಲಿಷ್ ಒಂದೇ ಮಾತಿನಲ್ಲಿ ಅಡಗಿಸಿಟ್ಟ ಐದು ಅರ್ಥಗಳನ್ನು ಕನ್ನಡವು ಐದು ಮಾತುಗಳಲ್ಲಿ ಬೇರೆಬೇರೆಯಾಗಿ ಇರಿಸಿದೆ. ಆದುದರಿಂದ ಈ ಐದು ಮಾತುಗಳ ಅಂತರವನ್ನು ಬಲ್ಲ ಮಗುವಿಗೆ, ವಾಕ್ಯವನ್ನು ಕನ್ನಡಕ್ಕೆ ತಂದೊಡನೆಯೇ ಯಾವ ಅರ್ಥ ಸಲ್ಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

4. ವಾಕ್ಯದಲ್ಲಿ ಬಳಸುವಾಗ ಗಮನಿಸಬೇಕಾದವು

ಮೊದಲನೆಯದು, ಪದಗಳ ಸ್ಥಾನ. 'ಗಿವ್ ಅಪ್ ದ ಸೀಟ್' ಎಂದರೂ ಸರಿ, 'ಗಿವ್ ದ ಸೀಟ್ ಅಪ್' ಎಂದರೂ ಸರಿ. ಆದರೆ ಕರ್ಮಪದವು 'ಇಟ್', 'ದೆಮ್' ಮುಂತಾದ ಸರ್ವನಾಮವಾದರೆ ಅದು ಮಧ್ಯದಲ್ಲೇ ಬರಬೇಕು. 'ಗಿವ್ ಇಟ್ ಅಪ್' ಸರಿ. 'ಗಿವ್ ಅಪ್ ಇಟ್' ತಪ್ಪು. ಮೇಲೆ ಹೇಳಿದ ಅನಿಲ ಸಬ್ಸಿಡಿಯ ಘೋಷಣೆಯನ್ನು ನೆನಪಿಟ್ಟುಕೊಂಡರೆ ಈ ನಿಯಮವು ಮರೆಯುವುದಿಲ್ಲ. ಜೋಡಿಯ ನಡುವೆ ಇನ್ನೊಂದು ಅಂಶ ನುಸುಳುವುದು ನಮಗೂ ಹೊಸತಲ್ಲ. 'ಬಿಟ್ಟುಕೊಡಲಿಲ್ಲ' ಎಂಬುದನ್ನು ಒತ್ತಿ ಹೇಳುವಾಗ 'ಬಿಟ್ಟೇ ಕೊಡಲಿಲ್ಲ' ಎನ್ನುತ್ತೇವೆ.

ಎರಡನೆಯದು, ಮುಂದೆ ಬರುವ ಕ್ರಿಯಾರೂಪ. 'ಗಿವ್ ಅಪ್' ನಂತರ ಕ್ರಿಯಾಪದ ಬಂದರೆ ಅದು 'ಇಂಗ್' ಪ್ರತ್ಯಯವನ್ನು ಪಡೆಯಬೇಕು. 'ಗೇವ್ ಅಪ್ ಸ್ಮೋಕಿಂಗ್' ಎನ್ನಬೇಕೇ ಹೊರತು 'ಗೇವ್ ಅಪ್ ಟು ಸ್ಮೋಕ್' ಎನ್ನಬಾರದು. ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕನ್ನಡವನ್ನೇ ಕೇಳಿದರೆ ಸಾಕು. 'ಸೇದುವುದನ್ನು ಬಿಟ್ಟ' ಎಂದರೆ ಚಟವನ್ನು ತೊರೆದ ಎಂದರ್ಥ. 'ಸೇದಲು ಬಿಟ್ಟ' ಎಂದರೆ ಬೇರೆಯವನಿಗೆ ಸೇದುವುದಕ್ಕೆ ಅವಕಾಶ ಕೊಟ್ಟ ಎಂದಾಗುತ್ತದೆ! 'ಸೇದುವುದನ್ನು' ಎಂಬ ಕೃದಂತ ನಾಮವೇ ಇಂಗ್ಲಿಷಿನ 'ಸ್ಮೋಕಿಂಗ್'. ಈ ಒಂದು ಹೋಲಿಕೆಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ, ಅನೇಕ ಸಲ ತಿದ್ದಿಸಿಕೊಂಡರೂ ಸರಿಹೋಗದ ಮಕ್ಕಳು ನಗುತ್ತ ಸರಿಯಾದ ರೂಪವನ್ನು ಹೇಳಿದ್ದನ್ನು ನಾನು ತರಗತಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಮೂರನೆಯದು, ಉಚ್ಚಾರಣೆ. ಮಾತನಾಡುವಾಗ ಒತ್ತು 'ಗಿವ್' ಮೇಲೆ ಬೀಳದೆ 'ಅಪ್' ಮೇಲೆ ಬೀಳಬೇಕು. ಕೇಳುವವರಿಗೆ ಇದು ಕೊಡುವ ಮಾತಲ್ಲ, ಬಿಡುವ ಮಾತು ಎಂದು ತಿಳಿಯಲು ಈ ಒತ್ತು ನೆರವಾಗುತ್ತದೆ.

5. ಸೋದರ ರೂಪಗಳು ಮತ್ತು ಒಂದು ಎಚ್ಚರಿಕೆ

'ಗಿವ್ ಅಪ್' ಮತ್ತು 'ಗಿವ್ ಇನ್' ಇವುಗಳನ್ನು ಒಂದೆಂದು ತಿಳಿಯಬಾರದು. 'ಗಿವ್ ಅಪ್' ಎನ್ನುವಲ್ಲಿ ಎದುರಾಳಿ ಇರಲೇಬೇಕೆಂದಿಲ್ಲ; ತನ್ನ ಪ್ರಯತ್ನವನ್ನು ತಾನೇ ನಿಲ್ಲಿಸುವುದು. 'ಗಿವ್ ಇನ್' ಎಂದರೆ ಇನ್ನೊಬ್ಬರ ಒತ್ತಾಯಕ್ಕೆ ಮಣಿಯುವುದು. ಮಗು ಅತ್ತು ಅತ್ತು ಮಿಠಾಯಿ ಪಡೆದರೆ ತಾಯಿ 'ಗಿವ್ ಇನ್' ಮಾಡಿದಳು. ಲೆಕ್ಕ ಬಿಡಿಸಲಾಗದೆ ಪುಸ್ತಕ ಮುಚ್ಚಿದರೆ ಹುಡುಗ 'ಗಿವ್ ಅಪ್' ಮಾಡಿದ. 'ಗಿವ್ ಅವೇ' ಎಂದರೆ ದಾನವಾಗಿ ಕೊಡು. ಗುಟ್ಟನ್ನು ಬಿಟ್ಟುಕೊಡು ಎಂಬ ಅರ್ಥವೂ ಅದಕ್ಕಿದೆ. ಇಲ್ಲಿ ಕನ್ನಡದಲ್ಲಿ 'ಬಿಟ್ಟುಕೊಡು' ಎಂದೇ ಇದ್ದರೂ ಇಂಗ್ಲಿಷಿನಲ್ಲಿ 'ಗಿವ್ ಅಪ್' ಸಲ್ಲುವುದಿಲ್ಲ. ಕನ್ನಡವು ದಾರಿ ತೋರಿಸುತ್ತದೆ ಎಂದ ಮಾತ್ರಕ್ಕೆ ಪದಕ್ಕೆ ಪದ ಇಡಬಹುದು ಎಂದರ್ಥವಲ್ಲ.

ಇದಕ್ಕೆ ಒಂದು ವಿನೋದಕರ ನಿದರ್ಶನ: ಇಂಗ್ಲಿಷಿನಲ್ಲಿ 'ಹೀ ಗೇವ್ ಮೀ ಎ ಹ್ಯಾಂಡ್' ಎಂದರೆ ಅವನು ನನ್ನ ಕೆಲಸಕ್ಕೆ ಕೈಜೋಡಿಸಿದ ಎಂದರ್ಥ. ಇದನ್ನೇ 'ಅವನು ನನಗೆ ಕೈಕೊಟ್ಟ' ಎಂದು ಕನ್ನಡಿಸಿದರೆ, ಉಪಕಾರ ಮಾಡಿದ ಪುಣ್ಯಾತ್ಮನು ಒಂದೇ ಕ್ಷಣದಲ್ಲಿ ಮೋಸಗಾರನಾಗಿಬಿಡುತ್ತಾನೆ! ಮಾತೃಭಾಷೆಯಿಂದ ನಾವು ತೆಗೆದುಕೊಳ್ಳಬೇಕಾದುದು ಪದಗಳನ್ನಲ್ಲ, ಅರ್ಥವನ್ನು ಬೇರ್ಪಡಿಸಿ ನೋಡುವ ವಿವೇಕವನ್ನು.

6. ಯಾವ ಸಂದರ್ಭಕ್ಕೆ ಯಾವ ಮಾತು?

ಇಂಗ್ಲಿಷಿನಲ್ಲಿ 'ಗಿವ್ ಅಪ್' ಎಂಬ ನಾಡಮಾತಿನ ಜೊತೆಗೆ 'ರಿನೌನ್ಸ್', 'ಸರೆಂಡರ್', 'ಅಬ್ಯಾಂಡನ್' ಎಂಬ, ಲ್ಯಾಟಿನ್ ಮತ್ತು ಫ್ರೆಂಚ್ ಮೂಲದ ಗ್ರಾಂಥಿಕ ಪದಗಳೂ ಇವೆ. ನಮ್ಮಲ್ಲಿ 'ಬಿಡು' ಎಂಬ ದೇಶ್ಯ ಪದದ ಪಕ್ಕದಲ್ಲಿ 'ತ್ಯಜಿಸು', 'ಸಮರ್ಪಿಸು', 'ಪರಿತ್ಯಜಿಸು' ಎಂಬ ಸಂಸ್ಕೃತ ಮೂಲದ ಪದಗಳು ಇರುವಂತೆಯೇ ಇದು. 'ಅಜ್ಜಿ ಕಾಫಿ ಬಿಟ್ಟರು' ಎಂಬುದು ಮನೆಯ ಮಾತು. 'ಅಜ್ಜಿ ಕಾಫಿಯನ್ನು ತ್ಯಜಿಸಿದರು' ಎಂದರೆ ಅವರು ಕಾವಿ ಉಟ್ಟು ಹೊರಟಂತೆ ಕೇಳುತ್ತದೆ. ಪುಸ್ತಕದಿಂದಲೇ ಇಂಗ್ಲಿಷ್ ಕಲಿತವರು ದಿನನಿತ್ಯದ ಮಾತಿನಲ್ಲಿಯೂ ಗ್ರಾಂಥಿಕ ಪದಗಳನ್ನು ಬಳಸಿ ಇಂಥ ನಗೆಗೆ ಎಡೆಮಾಡುತ್ತಾರೆ. ಮಾತಿಗೆ, ಪತ್ರಕ್ಕೆ 'ಗಿವ್ ಅಪ್' ಉಚಿತ. ಕಾನೂನು, ಶಾಸ್ತ್ರ ಮೊದಲಾದ ಗಂಭೀರ ಬರಹಕ್ಕೆ ಆ ದೊಡ್ಡ ಪದಗಳು ಉಚಿತ. ಗೋವಿಂದ ಪೈಗಳ ಕಾರ್ಯವನ್ನು ಸಾಹಿತ್ಯ ವಿಮರ್ಶೆಯಲ್ಲಿ 'ಪ್ರಾಸತ್ಯಾಗ' ಎನ್ನುವುದು ಹೀಗೆಯೇ ಸಂದರ್ಭೋಚಿತವಾದುದು.

7. ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ 'ಗಿವ್ ಅಪ್' ಯಾವ ಅರ್ಥದಲ್ಲಿದೆ ಎಂಬುದನ್ನು ಒಂದೊಂದು ಕನ್ನಡ ಕ್ರಿಯಾಪದದಿಂದ ಸೂಚಿಸಿರಿ. ಮನೆಯಲ್ಲಿ ತಾಯಿತಂದೆಯರೂ ಮಕ್ಕಳೊಡನೆ ಕುಳಿತು ಮಾಡಬಹುದು.

1) ಮೈ ಸಿಸ್ಟರ್ ಹ್ಯಾಸ್ ಗಿವನ್ ಅಪ್ ಈಟಿಂಗ್ ಸ್ವೀಟ್ಸ್.
2) ದ ಸಮ್ ವಾಸ್ ಡಿಫಿಕಲ್ಟ್, ಬಟ್ ಶೀ ಡಿಡ್ ನಾಟ್ ಗಿವ್ ಅಪ್.
3) ದ ಬಾಯ್ ಗೇವ್ ಅಪ್ ಹಿಸ್ ಸೀಟ್ ಟು ಆ್ಯನ್ ಓಲ್ಡ್ ಮ್ಯಾನ್.
4) ಆಫ್ಟರ್ ತ್ರೀ ಡೇಸ್ ದ ರಾಬರ್ ಗೇವ್ ಹಿಮ್‌ಸೆಲ್ಫ್ ಅಪ್.
5) ಹರ್ ಟೀಚರ್ ನೆವರ್ ಗೇವ್ ಅಪ್ ಆನ್ ಹರ್.

ಉತ್ತರ: 1) ಬಿಟ್ಟಿದ್ದಾಳೆ 2) ಕೈಚೆಲ್ಲಲಿಲ್ಲ 3) ಬಿಟ್ಟುಕೊಟ್ಟ 4) ಶರಣಾದ 5) ಕೈಬಿಡಲಿಲ್ಲ.

8. ಹೆತ್ತವರ ಪ್ರಶ್ನೆಗೆ ಉತ್ತರ

ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ಬಂದೀತೇ ಎಂಬ ಪ್ರಶ್ನೆಗೆ ಈಗ ಮರಳೋಣ. ಕನ್ನಡ ಮಾಧ್ಯಮ ಎಂಬ ಹೆಸರೊಂದರಿಂದಲೇ ಇಂಗ್ಲಿಷ್ ಬಾರದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಂಗ್ಲಿಷ್ ಬರಬೇಕಾದರೆ ಇಂಗ್ಲಿಷನ್ನು ಓದಬೇಕು, ಕೇಳಬೇಕು, ತಪ್ಪಾದರೂ ಮಾತನಾಡಬೇಕು. ಶಾಲೆಯು ಅದಕ್ಕೆ ತಕ್ಕ ಅಧ್ಯಾಪಕರನ್ನೂ ಪುಸ್ತಕಗಳನ್ನೂ ಒದಗಿಸಬೇಕು. ಇಷ್ಟನ್ನು ಮಾಡದೆ ಭಾಷಾಭಿಮಾನದ ಮಾತುಗಳನ್ನಷ್ಟೇ ಆಡಿದರೆ ಹೆತ್ತವರು ಮಕ್ಕಳನ್ನು ಬೇರೆಡೆಗೆ ಕಳುಹಿಸುವುದನ್ನು ಆಕ್ಷೇಪಿಸುವ ಹಕ್ಕು ನಮಗಿರುವುದಿಲ್ಲ.

ಆದರೆ ಇಷ್ಟು ವರ್ಷಗಳ ಪಾಠದಲ್ಲಿ ನಾನು ಕಂಡುಕೊಂಡ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೈಚೆಲ್ಲುವುದಕ್ಕೂ ಬಿಟ್ಟುಕೊಡುವುದಕ್ಕೂ ಇರುವ ಅಂತರವನ್ನು ಸ್ವಂತ ಮಾತಿನಲ್ಲಿ ವಿವರಿಸಬಲ್ಲ ಮಕ್ಕಳು 'ಗಿವ್ ಅಪ್' ಪದವನ್ನು ಬೇಗ ಕಲಿತರು, ಕಲಿತುದನ್ನು ಮರೆಯಲಿಲ್ಲ. ಯಾವ ಭಾಷೆಯಲ್ಲಿಯೂ ಆ ಅಂತರವನ್ನು ಅರಿಯದ ಮಕ್ಕಳು ಅರ್ಥವನ್ನು ಬಾಯಿಪಾಠ ಮಾಡಿದರು, ಪರೀಕ್ಷೆ ಮುಗಿದೊಡನೆ ಮರೆತರು. ಮೊದಲ ಭಾಷೆ ಗಟ್ಟಿಯಾಗಿದ್ದರೆ ಎರಡನೆಯದಕ್ಕೆ ನಿಲ್ಲಲು ನೆಲ ದೊರೆಯುತ್ತದೆ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ನೆಲ ಇನ್ನೂ ವಿಸ್ತಾರವಾದುದು. 1956ರ ನವೆಂಬರ್ 1ರಂದು ಈ ಪ್ರದೇಶವು ಕೇರಳಕ್ಕೆ ಸೇರಿತು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿಗಳು ಇಲ್ಲಿ ಅಂಗಡಿ, ಬಸ್ಸು, ಜಾತ್ರೆಗಳಲ್ಲಿ ಒಟ್ಟಿಗೆ ಕೇಳಿಬರುತ್ತವೆ. ನಮ್ಮ 'ಕೈಬಿಡು' ಎಂಬುದು ಮಲಯಾಳದಲ್ಲಿ 'ಕೈವಿಡುಕ', ನಮ್ಮ 'ಬಿಟ್ಟುಕೊಡು' ಅಲ್ಲಿ 'ವಿಟ್ಟುಕೊಡುಕ್ಕುಕ'. 'ಬಿಡು' ತುಳುವಿನಲ್ಲಿ 'ಬುಡು'. ಮೂರು ನಾಲ್ಕು ನುಡಿಗಳ ನಡುವೆ ದಿನವೂ ಅರ್ಥವನ್ನು ದಾಟಿಸುತ್ತ ಬೆಳೆಯುವ ಮಗುವಿಗೆ ಇಂಗ್ಲಿಷ್ ಇನ್ನೊಂದು ನುಡಿಯೇ ಹೊರತು ಭೂತವಲ್ಲ. ಹಲವು ಭಾಷೆಗಳಲ್ಲಿ ಪಾರಂಗತರಾಗಿದ್ದ ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟರು, ಕನ್ನಡವನ್ನು ಬಿಡಲಿಲ್ಲ.

ಇಂಗ್ಲಿಷಿನಲ್ಲಿ 'ಗಿವ್ ಅಪ್' ಪದಕ್ಕೆ ಎದುರಾಗಿ 'ಟೇಕ್ ಅಪ್' ಎಂಬ ಪದವಿದೆ. ಹೊಸದನ್ನು ಕೈಗೆತ್ತಿಕೊಳ್ಳು ಎಂದು ಅದರ ಅರ್ಥ. ಒಂದನ್ನು 'ಟೇಕ್ ಅಪ್' ಮಾಡಲು ಇನ್ನೊಂದನ್ನು 'ಗಿವ್ ಅಪ್' ಮಾಡಲೇಬೇಕೆಂಬ ನಿಯಮವು ಯಾವ ವ್ಯಾಕರಣದಲ್ಲಿಯೂ ಇಲ್ಲ. ನಮ್ಮ ಮಕ್ಕಳು ಇಂಗ್ಲಿಷನ್ನು ಧೈರ್ಯದಿಂದ ಕೈಗೆತ್ತಿಕೊಳ್ಳಲಿ. ಅದಕ್ಕಾಗಿ ಕನ್ನಡದ ಕೈಬಿಡುವ ಅಗತ್ಯವಿಲ್ಲವೆಂಬುದನ್ನು ಹೆತ್ತವರು ಮನಗಾಣಲಿ. ಐವತ್ತು ವರ್ಷಗಳ ಕಾಲ ಈ ಊರಿನ ಯಾವ ಮಗುವನ್ನೂ ಕೈಬಿಡದ ನಮ್ಮ ಶಾಲೆಯು ಮುಂದೆಯೂ ಹೀಗೆಯೇ ನಡೆದು ಬರಲೆಂದು ಸುವರ್ಣ ಮಹೋತ್ಸವದ ಈ ಶುಭಾವಸರದಲ್ಲಿ ಹಾರೈಸುತ್ತೇನೆ.